ಕಮಾನಿ ಮಿಸ್ತ್ರಿ, ಅವನ ಅವ್ವ

ಹೋದ ತಿಂಗಳು ನೆಂಟರ ಮದುವೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವನು ಉತ್ತರದ ಕಡೆ ಲಾರಿ ಓಡಿಸುವವನು. ನಾನು ಹಿಂದೆ ಕಾಶಿಯಲ್ಲಿದ್ದೆ ಎಂದು ತಿಳಿದ ಮೇಲೆ ಅವನು ಅಲ್ಲಿಂದ ಗಂಗೆಯ ಆಚೆಗಿರುವ ಮೊಗಲ್‌ಸರಾಯಿಯ ಸುದ್ದಿ ತೆಗೆದ. ಈಗ ಆ ಊರಿಗೆ ಬೇರೆ ಹೆಸರು. ಅಲ್ಲಿ ನಮ್ಮ ಕಡೆಯ ಮುದುಕ ಮಿಸ್ತ್ರಿಯೊಬ್ಬನಿದ್ದನಂತೆ. ಲಾರಿಗಳ ಕಮಾನು ಪಟ್ಟಿ ರಿಪೇರಿ ಮಾಡುತ್ತಿದ್ದನಂತೆ. ಕರ್ನಾಟಕದ ನಂಬರಿನ ಗಾಡಿ ಕಂಡರೆ ಕೆಲಸವಿರಲಿ ಬಿಡಲಿ, ಡ್ರೈವರನನ್ನು ಇಳಿಸಿ ಕೂರಿಸಿಕೊಂಡು ಮಾತಾಡುತ್ತಿದ್ದನಂತೆ. ಅವನ ಕೈಯಿಂದ ಬಿಡಿಸಿಕೊಂಡು ಹೊರಡುವುದೇ ಒಂದು ಕೆಲಸವಂತೆ. ಈ ಮಳೆಗಾಲದಲ್ಲಿ ತೀರಿಕೊಂಡ ಎಂದು ಹೇಳಿ ಅವನು ಬೇರೆ ಮಾತಿಗೆ ಹೋದ.

ಆ ಮಿಸ್ತ್ರಿಯನ್ನು ನಾನು ಬಲ್ಲೆ. ಅವನು ಮೊಗಲ್‌ಸರಾಯಿ ಸೇರಿದ್ದು ನನ್ನಿಂದ. ಇದನ್ನು ಇಷ್ಟು ವರ್ಷ ಅವನಿಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಹೆಂಡತಿಗೆ ಹೇಳಬೇಕೆಂದು ಕೆಲವು ಸಲ ಬಾಯಿ ತೆರೆದದ್ದುಂಟು, ಅವಳೂ ಈಗಿಲ್ಲ. ಅವನ ಹೆಸರು ಬರೆಯುವುದಿಲ್ಲ. ನನ್ನ ಬಾಯಿಂದ ತನ್ನ ಹೆಸರು ಬರುವುದು ಅವನಿಗೆ ಸೇರುತ್ತಿರಲಿಲ್ಲ.

ಎಪ್ಪತ್ತರ ದಶಕ ಅದು. ನಾನು ಹೈಸ್ಕೂಲು ಮುಗಿಸಿ, ಊರಲ್ಲಿ ಎಲ್ಲಿಯೂ ಕೆಲಸ ಸಿಗದೆ, ನಮ್ಮ ಕಡೆಯ ಒಂದು ಮಠದ ಕಾಶಿಯ ಶಾಖೆಯಲ್ಲಿ ಡ್ರೈವರನಾಗಿ ಸೇರಿದ್ದೆ. ಭಕ್ತರೊಬ್ಬರು ದಾನ ಕೊಟ್ಟ ಉದ್ದನೆಯ ಹಳೆಯ ಕಾರು ಮಠಕ್ಕಿತ್ತು. ಹಿಂದಿನ ಭಾಗದಲ್ಲಿ ಎದುರುಬದುರಾಗಿ ಬೆಂಚು. ಅದರಲ್ಲಿ ಕರ್ನಾಟಕದಿಂದ ಬಂದ ಯಾತ್ರಿಕರನ್ನು ಪ್ರಯಾಗಕ್ಕೆ, ಗಯೆಗೆ ಕರೆದೊಯ್ಯುವುದು ನನ್ನ ಕೆಲಸ. ಆರು ಜನ ಕೂರುವಲ್ಲಿ ಹತ್ತು ಜನ, ಅವರ ಹಾಸಿಗೆ ಸುರುಳಿ, ಪಾತ್ರೆ, ಗಂಗಾಜಲದ ತಂಬಿಗೆಗಳು. ಗಯೆಯ ದಾರಿಯ ಗುಂಡಿಗಳಲ್ಲಿ ಆ ಭಾರವೆಲ್ಲ ಹಿಂದಿನ ಕಮಾನಿಗೆ ಬೀಳುತ್ತಿತ್ತು. ಕಮಾನು ಎಂದರೆ ಅಚ್ಚಿನ ಮೇಲೆ ಒಂದರ ಮೇಲೊಂದು ಕೂಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು. ಅಲ್ಲಿಯವರ ಬಾಯಲ್ಲಿ ಅದು ಕಮಾನಿ. ಹೀಗಾಗಿ ನಾನು ಮೇಲಿಂದ ಮೇಲೆ ಕಮಾನಿ ಮಿಸ್ತ್ರಿಯ ಶೆಡ್ಡಿಗೆ ಹೋಗಬೇಕಾಗುತ್ತಿತ್ತು.

ಶೆಡ್ಡು ಇದ್ದದ್ದು ಕಾಶಿಯ ಅಂಚಿನ ಲಹರತಾರಾದಲ್ಲಿ, ಲಾರಿಗಳು ಸಾಲಾಗಿ ನಿಲ್ಲುವ ದೊಡ್ಡ ರಸ್ತೆಯ ಬದಿಯಲ್ಲಿ. ಮೇಲೆ ತಗಡು, ಕೆಳಗೆ ಕುಲುಮೆ, ಸುಟ್ಟ ಎಂಜಿನ್ ಆಯಿಲ್ ತುಂಬಿದ ಅರ್ಧ ಪೀಪಾಯಿ. ಅವನು ದಪ್ಪ ಮನುಷ್ಯ, ಮೈಯೆಲ್ಲ ಮಸಿ. ಬಾಯಲ್ಲಿ ಯಾವಾಗಲೂ ಜರ್ದಾ ಪಾನು. ಮಾತಾಡಿಸಿದರೆ ಒಂದು ಬೆರಳು ಎತ್ತಿ ತಡೆ ಎನ್ನುವಂತೆ ತೋರಿಸಿ, ಎದ್ದು ಹೋಗಿ ಉಗುಳಿ ಬಂದು, ಆಮೇಲೆ ಶುರು ಮಾಡುತ್ತಿದ್ದ. ಒಮ್ಮೆ ಶುರು ಮಾಡಿದರೆ ಮುಗಿಯಿತು. ಹಾವೇರಿ ಕಡೆಯ ಅವನ ಕನ್ನಡಕ್ಕೆ ಬನಾರಸಿನ ಹಿಂದಿ ಬೆರೆತಿತ್ತು. ಲಾರಿಯವರನ್ನು ಅದೇ ಬನಾರಸಿ ಬೈಗುಳದಲ್ಲಿ ಪ್ರೀತಿಯಿಂದ ಕರೆಯುತ್ತಿದ್ದ. ಅವರೂ ಹಾಗೆಯೇ ಉತ್ತರ ಕೊಡುತ್ತಿದ್ದರು.

ಅವನು ಊರಲ್ಲಿ ನೇಗಿಲಿನ ಕುಳ, ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಮಾಡುತ್ತಿದ್ದ ಕಮ್ಮಾರ. ಅವನ ಅವ್ವ, ಗಂಡ ಸತ್ತ ಮೇಲೆ, ಕಾಶಿಯಲ್ಲಿ ಪ್ರಾಣ ಬಿಡಬೇಕೆಂದು ಹಟ ಹಿಡಿದಳು. ಬಿಟ್ಟು ಬರೋಣವೆಂದು ಕರೆದುಕೊಂಡು ಬಂದವನಿಗೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅವಳ ಕೊನೆಯ ಕಾರ್ಯ ಮುಗಿಸಿಕೊಂಡೇ ಹೋಗುತ್ತೇನೆಂದು ನಿಂತ. ಬಂಡಿಯ ಹಳಿ ಬಾಗಿಸಿದ ಕೈಗೆ ಲಾರಿಯ ಕಮಾನು ಕಲಿಯುವುದು ಕಷ್ಟವಾಗಲಿಲ್ಲ. ಅವ್ವನಿಗೆ ಮಠ ಬಂಗಾಲಿ ಟೋಲಾದ ಗಲ್ಲಿಯೊಂದರಲ್ಲಿ ತನ್ನ ಹಳೆಯ ಮನೆಯೊಳಗೆ ಒಂದು ಮೂಲೆ ಕೊಟ್ಟಿತ್ತು. ಅಲ್ಲಿ ನಮ್ಮ ಕಡೆಯ ವಿಧವೆಯರು ಇನ್ನೂ ಕೆಲವರಿದ್ದರು. ಎಲ್ಲರೂ ಬಂದದ್ದು ಅದಕ್ಕಾಗಿಯೇ. ಅವರೆಲ್ಲ ಕ್ಷೇತ್ರ ಬಿಟ್ಟು ಹೊರಗೆ ಕಾಲಿಡುವುದಿಲ್ಲವೆಂದು ಸಂಕಲ್ಪ ಮಾಡಿದವರು. ಗಂಗೆಯ ಆಚೆ ದಡಕ್ಕೆ ದೋಣಿಯಲ್ಲಿ ಕರೆದರೂ ಹೋಗುತ್ತಿರಲಿಲ್ಲ. ಕಾಶಿಯಲ್ಲಿ ಸುಡುವುದು ಬೇರೆ, ಕಾಶಿಯಲ್ಲಿ ಸಾಯುವುದು ಬೇರೆ. ಹೊರಗೆ ಸತ್ತವರನ್ನು ತಂದು ಸುಡುವುದು ದಿನವೂ ನಡೆಯುತ್ತಿತ್ತು. ಇವರಿಗೆ ಬೇಕಾಗಿದ್ದದ್ದು ಎರಡನೆಯದು.

ಅವನ ಅವ್ವ ಸಣ್ಣ ಆಳು, ಗಟ್ಟಿ ಜೀವ. ಬೆಳಗಾಗುತ್ತಲೇ ಕೇದಾರ ಘಾಟಿಗೆ ಹೋಗಿ ಮಿಂದು, ಬರುವಾಗ ದಾರಿಯ ಕೋತಿಗಳಿಗೆಲ್ಲ ಕನ್ನಡದಲ್ಲಿ ಬೈದು ಬರುತ್ತಿದ್ದಳು. ಯಾತ್ರಿಕರು ತಂದುಕೊಟ್ಟ ಜೋಳದ ಹಿಟ್ಟಿದ್ದರೆ ರೊಟ್ಟಿ ಬಡಿಯುತ್ತಿದ್ದಳು, ನನ್ನನ್ನೂ ಕರೆಯುತ್ತಿದ್ದಳು. ಜೊತೆಯ ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾಗ ಇವಳಿಗೆ ನಾಚಿಕೆಯಾಗುತ್ತಿತ್ತು. ತಡವಾಗಿ ಬಂದವರೆಲ್ಲ ಮುಂದೆ ಹೋದರು, ತಾನು ಹಿಂದೆ ಬಿದ್ದೆ ಎನ್ನುತ್ತಿದ್ದಳು.

ಮಗ ಅದನ್ನೇ ಹಿಡಿದು ಕಾಡುತ್ತಿದ್ದ. ಒಮ್ಮೆ ನನ್ನ ಮುಂದೆಯೇ ಹೇಳಿದ: "ನಮ್ಮವ್ವ ಸಾಯಾಕ ಬಂದಾಕಿ ತಮ್ಮಾ, ಗಂಗಾ ನೀರು ಹಿಡಿಸಿ ಇನ್ನಷ್ಟು ಗಟ್ಟಿಯಾಗ್ಯಾಳ. ಹಿಂಗಾದ್ರ ನಾನ ಮೊದಲ ಹೋಗ್ತೇನಿ."

ಅವಳು ತವೆಯ ಮೇಲಿನ ರೊಟ್ಟಿ ತಿರುವುತ್ತಾ, "ನೀ ಹೋದ್ರ ನನಗ ಕಟ್ಟಿಗಿ ಯಾರು ಒಟ್ಟತಾರಲೇ ಮೂಳ? ಸುಮ್ನ ಉಣ್ಣು," ಎಂದಳು.

ಅವನು ಕೆಲಸ ಮಾಡುವುದನ್ನು ನೋಡುವುದು ಚೆನ್ನಾಗಿರುತ್ತಿತ್ತು. ಮೊದಲು ಕಾರನ್ನು ಹಿಂದಿನಿಂದ ನೋಡುತ್ತಿದ್ದ, ಮನುಷ್ಯ ನಡೆದು ಹೋಗುವುದನ್ನು ನೋಡಿದ ಹಾಗೆ. ಎಡಕ್ಕೆ ವಾಲಿದ್ದರೆ, ಡ್ರೈವರ್ ಸಾಹೇಬರ ಗಾಡಿಗೆ ಸೊಂಟ ಹಿಡಿದಿದೆ ಎಂದು ಲಾರಿಯವರಿಗೆಲ್ಲ ಕೇಳಿಸುವಂತೆ ಸಾರುತ್ತಿದ್ದ. ಕಮಾನು ಕಳಚಿ ಪಟ್ಟಿಗಳನ್ನು ಬಿಡಿಸಿ, ಮಣ್ಣು ಜಂಗು ಉಜ್ಜಿ, ಒಂದೊಂದನ್ನೇ ತಂತಿಗೆ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದ. ಗಟ್ಟಿ ಪಟ್ಟಿ ಗಂಟೆಯ ಹಾಗೆ ನುಡಿಯುತ್ತಿತ್ತು, ಬಿರುಕು ಬಿಟ್ಟದ್ದು ಮಡಕೆಯ ಹಾಗೆ. ಬಿರುಕಿನ ಪಟ್ಟಿಯನ್ನು ಬೆಸೆಯುತ್ತಿರಲಿಲ್ಲ, ಎತ್ತಿ ಎಸೆದುಬಿಡುತ್ತಿದ್ದ. ಬಾಗು ಹೋಗಿ ಚಪ್ಪಟೆಯಾದದ್ದನ್ನು ಕಾಯಿಸಿ ಬಡಿದು ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ ಬಿಸಿ ಮಾಡಿ, ಒಣ ಕಡ್ಡಿ ಉಜ್ಜಿ ಹೊಗೆ ನೋಡಿ ಹದ ತೆಗೆಯುತ್ತಿದ್ದ. ಎಲ್ಲ ಕೂಡಿಸಿ ಕಾರಿಗೆ ಬಿಗಿದ ಮೇಲೆ ಹಿಂದಿನ ಬಂಪರಿನ ಮೇಲೆ ತಾನೇ ಹತ್ತಿ ಕುಳಿತು ಕುಪ್ಪಳಿಸುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಜೋಕಾಲಿ ಆಡುವ ಮಗುವಿನ ಹಾಗೆ ಕಾಣುತ್ತಿದ್ದ. ಚಹಾ ಕುಡಿಯುತ್ತ ನಿಂತವರನ್ನೂ ಎಳೆದು ಕೂರಿಸುತ್ತಿದ್ದ.

ಇಷ್ಟೆಲ್ಲ ಆದರೂ ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಅವನ ಬಡಾಯಿ ಅಂಥದು. ಕಾಶಿ ರಾಜರ ಅರಮನೆಯ ಮೋಟಾರು ರಿಪೇರಿಗೆ ತನ್ನ ಹತ್ತಿರವೇ ಬರುತ್ತದೆ ಎನ್ನುತ್ತಿದ್ದ. ಅದನ್ನು ಯಾರೂ ನೋಡಿರಲಿಲ್ಲ. ಪರದೇಶದ ಬಿಳಿಯನೊಬ್ಬ ತನ್ನ ಊರಿನಿಂದ ಓಡಿಸಿಕೊಂಡು ಬಂದ ವ್ಯಾನಿನ ಕಮಾನು ತಾನು ರಿಪೇರಿ ಮಾಡಿದ್ದಾಗಿಯೂ, ಅವನು ತನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಿದ್ದಾಗಿಯೂ ಮಠದ ಅಡುಗೆಮನೆಯ ಮುಂದೆ ಕುಳಿತು ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅತ್ತದ್ದು ನನಗೆ ಗೊತ್ತಿಲ್ಲ, ಆದರೆ ಆ ಬಿಳಿಯನು ಶೆಡ್ಡಿನಲ್ಲಿ ಕುಳಿತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದುದನ್ನು ನಾನೇ ಕಂಡಿದ್ದೆ. ಎಲ್ಲರ ಜೊತೆ ನಾನೂ ನಕ್ಕೆ. ಅವನು ನನ್ನ ಕಡೆ ನೋಡಿದ, ನೀನಾದರೂ ಹೇಳು ಎನ್ನುವ ಹಾಗೆ. ನಾನು ನಗುತ್ತಲೇ ಇದ್ದೆ. ಈಗ ಯೋಚಿಸಿದರೆ, ಆಮೇಲೆ ಆದದ್ದಕ್ಕೆ ನಾನು ಅಲ್ಲಿಯೇ ಅಭ್ಯಾಸ ಮಾಡಿಕೊಂಡೆನೋ ಏನೋ.

ಅವನ ಕೆಲಸಕ್ಕೆ ಒಂದು ನಿಯಮವಿತ್ತು. ಹೊಸದಾಗಿ ಕೂಡಿಸಿದ ಕಮಾನಿನ ಮೇಲೆ ಕೂಡಲೇ ಭಾರ ಹಾಕಬಾರದು. ಖಾಲಿ ಗಾಡಿಯನ್ನು ಸ್ವಲ್ಪ ಓಡಿಸಿಕೊಂಡು ಮತ್ತೆ ಅವನ ಹತ್ತಿರ ಹೋಗಬೇಕು. ಪಟ್ಟಿಗಳು ಒಂದಕ್ಕೊಂದು ಒತ್ತಿ ಕೂತ ಮೇಲೆ ಬೋಲ್ಟುಗಳು ಸಡಿಲವಾಗುತ್ತವೆ. ಅವನ್ನು ಮತ್ತೊಮ್ಮೆ ಬಿಗಿಯದಿದ್ದರೆ ನಡುವಿನ ಪಿನ್ನು ಮುರಿದು, ಅಚ್ಚು ಜಾರಿ, ಗಾಡಿ ಹೇಳಿದ ಕಡೆ ಹೋಗುವುದಿಲ್ಲ.

"ಸೊಸಿ ಬಂದ ಮನಿ ಇದ್ದಂಗ ತಮ್ಮಾ ಇದು. ನಾಕು ದಿನ ಹೋಗಬೇಕು, ಯಾರು ಎಲ್ಲಿ ಕುಂದರತಾರಂತ ಗೊತ್ತಾಗಾಕ. ಖಾಲಿ ತಿರುಗಾಡಿಸಿ ಬಾ. ಬಿಗದು ಕಳಸ್ತೇನಿ," ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು, ಅದೇ ಸೊಸೆ.

ಆ ವರ್ಷ ಮಳೆ ಮುಗಿದು ಪಿತೃಪಕ್ಷ ಬಂದಿತ್ತು. ಗಯೆಗೆ ಹೋಗುವ ಜನ ಮಠದಲ್ಲಿ ತುಂಬಿದ್ದರು. ರಸ್ತೆ ಕಿತ್ತುಹೋಗಿ ಕಾರಿನ ಎಡಗಡೆಯ ಕಮಾನು ಕುಸಿದಿತ್ತು. ಅವನು ಬೇರೆ ಲಾರಿಗಳನ್ನು ಬದಿಗಿಟ್ಟು ನಮ್ಮದನ್ನು ಮಾಡಿಕೊಟ್ಟ. ಮತ್ತೆ ಬಾ ಎಂದ. ಹೂಂ ಎಂದೆ.

ಮರುದಿನ ನನಗೆ ಬೇರೆ ಕೆಲಸವಿರಲಿಲ್ಲ. ಕಾರು ಮಠದ ಗಲ್ಲಿಯ ಹೊರಗೆ ರಸ್ತೆಯ ಬದಿಯಲ್ಲಿ ಸುಮ್ಮನೆ ನಿಂತಿತ್ತು. ನಾನು ವಿಶ್ವನಾಥ ಗಲ್ಲಿಯಲ್ಲಿ ಬಳೆ, ಹಿತ್ತಾಳೆ ಸಾಮಾನು ನೋಡುತ್ತ ಅಲೆದಾಡಿದೆ. ಲಹರತಾರಾಕ್ಕೆ ಹೋಗದಿದ್ದುದಕ್ಕೆ ಒಂದೇ ಕಾರಣ: ಅವನ ಮಾತು. ಬೋಲ್ಟು ಬಿಗಿಯುವುದು ಎಷ್ಟು ಹೊತ್ತಿನ ಕೆಲಸ? ಆದರೆ ಹೋದರೆ ಅರ್ಧ ದಿನ ಕೂರಿಸಿಕೊಳ್ಳುತ್ತಾನೆ, ಅರಮನೆ, ಬಿಳಿಯ, ಊರಿನ ಕುಲುಮೆ ಎಲ್ಲವನ್ನೂ ಮತ್ತೆ ಕೇಳಬೇಕು. ನನಗೆ ಬೇಸರವಾಗಿತ್ತು. ಬಿಗಿಯಾಗಿಯೇ ಇದೆಯಲ್ಲ ಎಂದುಕೊಂಡೆ. ಅದರ ಮರುದಿನ ಬೆಳಗ್ಗೆ ಕಾರು ತುಂಬಿಸಿಕೊಂಡು ಗಯೆಗೆ ಹೊರಟೆ.

ಸಾಸಾರಾಮ್ ದಾಟಿದ ಮೇಲೆ ಹಿಂದೆ ಏನೋ ಸಿಡಿದ ಹಾಗೆ ಸದ್ದಾಯಿತು. ಸ್ಟಿಯರಿಂಗು ತಿರುಗಿಸಿದರೂ ಕಾರು ಕೇಳಲಿಲ್ಲ. ರಸ್ತೆ ಬಿಟ್ಟು ಇಳಿದು ಮಾವಿನ ಮರಕ್ಕೆ ತಾಗಿ ಮಗ್ಗುಲಾಯಿತು. ಜೀವ ಯಾರದೂ ಹೋಗಲಿಲ್ಲ. ರಿಟೈರಾದ ಮಾಸ್ತರರೊಬ್ಬರ ಹೆಂಡತಿಯ ಸೊಂಟದ ಮೂಳೆ ಮುರಿಯಿತು. ಸತ್ತುಹೋದ ಮಗನಿಗೆ ಪಿಂಡ ಇಡಲು ಹೊರಟಿದ್ದ ದಂಪತಿ ಅವರು. ಪಿಂಡ ಇಡದೆಯೇ ಊರಿಗೆ ಹಿಂದಿರುಗಿದರು, ಆಕೆಯನ್ನು ಹಲಗೆಯ ಮೇಲೆ ಮಲಗಿಸಿಕೊಂಡು. ಆಕೆ ಮತ್ತೆ ನೆಟ್ಟಗೆ ನಡೆಯಲಿಲ್ಲವೆಂದು ಆಮೇಲೆ ಕೇಳಿದೆ.

ಕಾರನ್ನು ಲಾರಿಗೆ ಕಟ್ಟಿ ಎಳೆತಂದಾಗ ಮಿಸ್ತ್ರಿ ಕರೆಯದೆಯೇ ಬಂದ. ರಸ್ತೆಯ ಬದಿಯಲ್ಲಿ ಅದರ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡು ನೆಟ್ಟಗೆ ಗಲ್ಲಿಯ ಮನೆಗೆ ನಡೆದ. ಅಂಗಳದಲ್ಲಿ ಮಠದ ವ್ಯವಹಾರ ನೋಡಿಕೊಳ್ಳುವ ಕಾರಭಾರಿಗಳು ಯಾತ್ರಿಕರ ಜೊತೆ ಕುಳಿತಿದ್ದರು. ಅವರು ಕೆಟ್ಟವರಲ್ಲ, ನ್ಯಾಯಸ್ಥರೆಂದೇ ಹೆಸರು. ಮುದುಕಿಯರೆಲ್ಲ ಬಾಗಿಲುಗಳಲ್ಲಿ ನಿಂತಿದ್ದರು. ಅವನ ಅವ್ವ ಕೂಡ. ಅವನು ನನ್ನ ಕಡೆ ಬೆರಳು ತೋರಿಸಿ, ಮತ್ತೆ ಬಾ ಎಂದಿದ್ದೆ, ಇವನು ಬರಲೇ ಇಲ್ಲ ಎಂದು ಹೇಳಿದ. ಅಷ್ಟೇ ಹೇಳಿದ್ದು. ಅವನ ಜೀವನದಲ್ಲಿ ಅಷ್ಟು ಚಿಕ್ಕ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಕಾರಭಾರಿಗಳು ನನ್ನ ಕಡೆ ತಿರುಗಿದರು. "ತಮ್ಮಾ, ಮಿಸ್ತ್ರಿ ನಿನಗ ಮತ್ತ ಬಾ ಅಂತ ಹೇಳಿದ್ದನೋ ಇಲ್ಲೋ? ಖರೇ ಹೇಳು."

"ಇಲ್ರಿ," ಎಂದೆ.

ಕೆಲಸ ಹೋಗುತ್ತದೆಂಬ ಭಯ. ಊರಿಗೆ ಹೋಗಿ ಮುಖ ತೋರಿಸುವುದು ಹೇಗೆಂಬ ಭಯ. ಹಲಗೆಯ ಮೇಲೆ ಮಲಗಿದ್ದ ಆ ತಾಯಿಯ ಗಂಡ ನನ್ನನ್ನೇ ನೋಡುತ್ತಿದ್ದರು. ಇವೆಲ್ಲ ಆಗ ಕಾರಣಗಳ ಹಾಗೆ ಕಂಡವು.

ಯಾರೋ ಹಿಂದಿನಿಂದ, ಅರಮನೆಯ ಮೋಟಾರಿಗೂ ಹೀಗೆಯೇ ಮಾಡಿದ್ದನೇ ಎಂದರು. ಒಬ್ಬಿಬ್ಬರು ನಕ್ಕರು. ಅಲ್ಲಿಗೆ ತೀರ್ಮಾನವಾಯಿತು. ಅವನು ನನ್ನ ಮೇಲೆ ಕೂಗಾಡಲಿಲ್ಲ. ಕಾರಭಾರಿಗಳ ಮೇಲೆ ಕೂಗಾಡಿದ, ಲಾರಿಯವರ ಭಾಷೆಯಲ್ಲಿ, ಸ್ವಾಮಿಗಳ ಪಾದುಕೆ ಇಟ್ಟಿದ್ದ ಅಂಗಳದಲ್ಲಿ. ಕಾರಭಾರಿಗಳು ತಾಳ್ಮೆ ಕಳೆದುಕೊಳ್ಳಲಿಲ್ಲ. ನಿನ್ನ ತಾಯಿ ಇಲ್ಲಿಯೇ ಇರಲಿ, ಅವಳದೇನೂ ತಪ್ಪಿಲ್ಲ, ನೀನು ಮಾತ್ರ ಇನ್ನು ಮೇಲೆ ಹೊಸ್ತಿಲು ತುಳಿಯಬೇಡ ಎಂದರು.

ಅವನು ಅವ್ವನ ಕಡೆ ನೋಡಿದ. ಅವಳು ಇರುತ್ತೇನೆ ಎಂದಿದ್ದರೆ ಅವನು ಒಬ್ಬನೇ ಹೋಗುತ್ತಿದ್ದ, ಅದು ನನಗೆ ಗೊತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು.

"ನನ್ನ ಮಗ ಸುಳ್ಳುಬುರುಕ ಅಂದ ಮನ್ಯಾಗ ನಾ ಹೆಂಗ ಸಾಯಲೆಪಾ?" ಎಂದು ಕಾರಭಾರಿಗಳನ್ನು ಕೇಳಿದಳು. ಜಗಳದ ದನಿಯಲ್ಲ. ದಾರಿ ಕೇಳುವವರ ಹಾಗೆ ಕೇಳಿದಳು. ಅವಳು ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬಂದಳು. ನನ್ನ ಮುಂದೆಯೇ ಹಾದು ಹೋದಳು. ನನಗೆ ರೊಟ್ಟಿ ಹಾಕಿದ ಕೈ ಅದು. ಆಗಲಾದರೂ ಒಂದು ಮಾತು ಹೇಳಬಹುದಿತ್ತು.

ಕೆಲವು ತಿಂಗಳು ಅವರಿಬ್ಬರೂ ಶೆಡ್ಡಿನ ಹಿಂದೆಯೇ ಇದ್ದರು. ಅದೂ ಕ್ಷೇತ್ರದೊಳಗೇ ಆದ್ದರಿಂದ ಅವಳ ಸಂಕಲ್ಪಕ್ಕೆ ಕುಂದಿರಲಿಲ್ಲ. ಆದರೆ ಮಾತು ಹಬ್ಬಿತ್ತು. ಮಠದ ಗಾಡಿ ಬೀಳಿಸಿದವನೆಂದು ಯಾತ್ರಿಕರ ಗಾಡಿಯವರು ಹೋಗುವುದು ಬಿಟ್ಟರು, ಆಮೇಲೆ ಲಾರಿಯವರೂ ಬೇರೆ ಶೆಡ್ಡು ಹುಡುಕಿಕೊಂಡರು. ನಾನು ಆ ದಾರಿಯಲ್ಲಿ ಹೋಗುವಾಗ ಅವನು ಕುಲುಮೆ ಹಚ್ಚದೆ ಸುಮ್ಮನೆ ಕುಳಿತಿರುವುದು ಕಾಣುತ್ತಿತ್ತು. ಬದಿಯಲ್ಲಿ ಮಾತಾಡಲು ಯಾರೂ ಇರುತ್ತಿರಲಿಲ್ಲ. ನಾನು ಕಾರಿನ ವೇಗ ಹೆಚ್ಚಿಸುತ್ತಿದ್ದೆ.

ಕೊನೆಗೆ ಗಂಗೆಯ ಆಚೆ, ಮೊಗಲ್‌ಸರಾಯಿಯಲ್ಲಿ ಕಲ್ಲಿದ್ದಲು ಲಾರಿಗಳ ಕೆಲಸ ಸಿಕ್ಕಿತು. ಅವ್ವನನ್ನು ಕಾಶಿಯಲ್ಲಿ ಇಡಲು ಅವನು ಬೇರೆ ಛತ್ರಗಳಲ್ಲಿ ಕೇಳಿ ನೋಡಿದನಂತೆ. ನಮ್ಮ ಮಠ ಬಿಟ್ಟವಳೆಂದು ಅವರೂ ಹಿಂಜರಿದರು. ಲಹರತಾರಾದ ಚಹಾದವನು ನನಗೆ ಇದನ್ನೆಲ್ಲ ಹೇಳಿದ. ಮುದುಕಿಯನ್ನು ಲಾರಿಯ ಕ್ಯಾಬಿನ್ನಿಗೆ ಹತ್ತಿಸಿದ್ದು ಆ ಚಹಾದವನೇ. ರಾಜಘಾಟಿನ ಸೇತುವೆ ದಾಟುವಾಗ ಅವಳು ಘಾಟುಗಳ ಕಡೆ ನೋಡಲೇ ಇಲ್ಲವೆಂದು ಲಾರಿಯವನು ಬಂದು ಹೇಳಿದನಂತೆ. ಮಡಿಲ ಗಂಟನ್ನೇ ನೋಡುತ್ತಿದ್ದಳಂತೆ.

ಅವನ ಸಿಟ್ಟೇ ಎಲ್ಲಕ್ಕೂ ಕಾರಣವೆಂದು ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಂಗಳದಲ್ಲಿ ಬಾಯಿ ಬಿಗಿ ಹಿಡಿದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು. ವಯಸ್ಸಾದ ಹಾಗೆ ಅದನ್ನು ಹೇಳಿಕೊಳ್ಳುವುದಕ್ಕೂ ದಣಿವಾಯಿತು.

ಅವಳು ಸತ್ತದ್ದು ಒಂದು ಚಳಿಗಾಲದಲ್ಲಿ, ಮೊಗಲ್‌ಸರಾಯಿಯಲ್ಲೇ. ಅವನು ದೇಹವನ್ನು ಲಾರಿಯಲ್ಲಿ ಸೇತುವೆ ದಾಟಿಸಿ ಮಣಿಕರ್ಣಿಕೆಗೆ ತಂದಿದ್ದಾನೆಂದು ಮಠಕ್ಕೆ ಸುದ್ದಿ ಬಂತು. ಯಾರೂ ಹೊರಡಲಿಲ್ಲ. ನಾನು ಹೋದೆ. ಅವನ ಜೊತೆ ಇಬ್ಬರೇ ಡ್ರೈವರುಗಳಿದ್ದರು. ನನ್ನನ್ನು ನೋಡಿ ಅವನು ಮುಖ ತಿರುಗಿಸಲಿಲ್ಲ. ಹೆಗಲು ಕಡಿಮೆ ಬಿದ್ದಿದೆ, ಹಿಡಿ ಎಂದ. ಹಿಡಿದೆ. ಅವಳ ಭಾರವೇ ಇರಲಿಲ್ಲ.

ಬೆಂಕಿ ಹತ್ತಿದ ಮೇಲೆ ಮೆಟ್ಟಿಲ ಮೇಲೆ ಕುಳಿತ. ಬಾಯಲ್ಲಿ ಪಾನಿರಲಿಲ್ಲ. ನಾನು ಒಂದು ಮೆಟ್ಟಿಲು ಕೆಳಗೆ ಕುಳಿತೆ. ಅವನ ಮಾತಿಗೆ ಬೇಸತ್ತು ಲಹರತಾರಾಕ್ಕೆ ಹೋಗದವನು ನಾನು, ಈಗ ಅವನು ಏನಾದರೂ ಹೇಳಲೆಂದು ಕಾದೆ.

"ಕೊನೀಗೆ ಅವ್ವಗ ಕಣ್ಣು ಕಾಣ್ತಿದ್ದಿಲ್ಲ," ಎಂದ. "ಎಲ್ಲಿ ಅದೀವಪಾ ಅಂದ್ಲು. ಕಾಶ್ಯಾಗ ಅದೀವಿ ಅಂದೆ. ನಂಬಿದ್ಲು."

ನನ್ನಿಂದ ತಡೆಯಲಾಗಲಿಲ್ಲ. "ಅಣ್ಣಾ, ಅವತ್ತು ನಾ ಸುಳ್ಳು ಹೇಳಿದೆ," ಎಂದೆ.

ಅವನು ಚಿತೆಯ ಕಡೆಯೇ ನೋಡುತ್ತಿದ್ದ. "ಅದನ್ನ ನನಗ್ಯಾಕ ಹೇಳ್ತಿ? ನನಗ ಗೊತ್ತಿಲ್ಲೇನು? ಗೊತ್ತಿಲ್ಲದವರಿಗೆ ಹೋಗಿ ಹೇಳು."

ಗಂಗೆಯಲ್ಲಿ ಮುಳುಗಿ ಎದ್ದು ಹೊರಟೆ. ಗಲ್ಲಿಗಳಲ್ಲಿ ನಡೆಯುತ್ತ, ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಮಠದಲ್ಲಿ ಕಾರಭಾರಿಗಳು ಜಗುಲಿಯ ಮೇಲೆ ಬಿಸಿಲಿಗೆ ಕುಳಿತಿದ್ದರು. ನನ್ನ ಒದ್ದೆ ಧೋತರ ನೋಡಿ, ಎಲ್ಲ ಸರಿಯಾಗಿ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ಅವರು ನಿಟ್ಟುಸಿರು ಬಿಟ್ಟರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

"ಮಗನ ಸೊಕ್ಕಿಗೆ ಆ ಮುದುಕಿ ಕಾಶಿ ಕಳಕೊಂಡಳು ನೋಡು. ಅಲ್ಲೇನೋ ತಮ್ಮಾ?"

"ಹೌದ್ರಿ," ಎಂದೆ.

ಅವರು ಮರುದಿನ ಪ್ರಯಾಗಕ್ಕೆ ಹೋಗುವವರು ಯಾರು ಯಾರೆಂದು ಹೇಳತೊಡಗಿದರು. ನಾನು ನಿಂತು ಎಲ್ಲ ಕೇಳಿಸಿಕೊಂಡೆ.